ಎರಡು ಬೆರಳು ತಟ್ಟಿದರೆ ಅಳಿಸಿ ಹೋಗುವ ತಪ್ಪು

ಪ್ರಶ್ನೆ: ನನ್ನ ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ಚಿಕ್ಕಂದಿನಿಂದಲೂ ಚಿತ್ರ ಬಿಡಿಸುತ್ತಾಳೆ. ಎರಡು ವರ್ಷದಿಂದ ಎಲ್ಲವೂ ಟ್ಯಾಬ್‌ನಲ್ಲೇ, ಬ್ರಷ್ ಮುಟ್ಟುವುದೇ ಇಲ್ಲ. ಬ್ಯಾನರ್ ಬರೆಯುತ್ತಿದ್ದ ನನ್ನ ಅಣ್ಣ "ಇದು ಕಲೆಯಲ್ಲ, ಮೆಷಿನ್ ಕೆಲಸ" ಎನ್ನುತ್ತಾರೆ. ಹೋದ ತಿಂಗಳು ಅವಳು ಒಂದು ಸ್ಪರ್ಧೆಗೆ ಪಿಲಿವೇಷದ (ಹುಲಿವೇಷದ) ಚಿತ್ರ ಕಳಿಸಿದ್ದಳು. "ಇದು ಎಐ ಮಾಡಿದ್ದು" ಎಂದು ಹೇಳಿ ಅದನ್ನು ಪಕ್ಕಕ್ಕೆ ಇಟ್ಟರಂತೆ. ಆಮೇಲೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಚಿತ್ರವನ್ನು ಇದರ ಜೊತೆ ಕಳಿಸಿದ್ದೇನೆ. ಅವಳು ಮಾಡುತ್ತಿರುವುದು ಕಲೆ ಹೌದಾ? ಒತ್ತಾಯ ಮಾಡಿ ಬ್ರಷ್ ಹಿಡಿಸಬೇಕಾ? (ಒಬ್ಬ ತಾಯಿ, ಉಡುಪಿ)

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನೂ ಬ್ಯಾನರ್ ಅಂಗಡಿಯಿಂದಲೇ ಬಂದವನು. ಹದಿನಾರನೇ ವಯಸ್ಸಿನಲ್ಲಿ ಉಡುಪಿಯಲ್ಲಿ ಒಬ್ಬರ ಹತ್ತಿರ ಬ್ರಷ್ ತೊಳೆಯಲು ಸೇರಿದೆ. ಆಮೇಲೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾದೆ. ಈಗ ರಿಟೈರ್ ಆಗಿದ್ದೇನೆ. ಟ್ಯಾಬ್‌ನಲ್ಲಿ ಚಿತ್ರ ಮಾಡುತ್ತೇನೆ, ಶನಿವಾರ ಭಾನುವಾರ ನಾಲ್ಕು ಮಕ್ಕಳಿಗೆ ಕಲಿಸುತ್ತೇನೆ. ಹಾಗಾಗಿ ನಿಮ್ಮ ಅಣ್ಣನೂ ನನ್ನವರೇ, ನಿಮ್ಮ ಮಗಳೂ ನನ್ನವಳೇ. ಯಾರ ಪರ ವಹಿಸಿದರೂ ಇನ್ನೊಬ್ಬರ ಬೈಗುಳ ತಪ್ಪಿದ್ದಲ್ಲ.

"ಇದು ಕಲೆಯಾ ಅಲ್ಲವಾ" ಎಂಬ ಪ್ರಶ್ನೆಗೆ ನೇರವಾಗಿ ಕೈ ಹಾಕಿದರೆ ಸಂಜೆವರೆಗೆ ಜಗಳ ಆಡಬಹುದು, ಮುಗಿಯುವುದಿಲ್ಲ. ನಾನು ಬೇರೆ ಒಂದು ಪ್ರಶ್ನೆ ಕೇಳುತ್ತೇನೆ. ಈ ಕೆಲಸದಲ್ಲಿ ಕೈ ತಪ್ಪಿದರೆ ಏನಾಗುತ್ತದೆ? ಎಷ್ಟು ದಂಡ ತೆರಬೇಕು? ಒಂದು ಸಾಧನ ಬದಲಾದಾಗ ನಿಜವಾಗಿ ಬದಲಾಗುವುದು ಈ ದಂಡ. ಅದು ಬದಲಾದರೆ ಚಿತ್ರ ಮಾಡುವವರ ಧೈರ್ಯ, ಹೆದರಿಕೆ, ಸೋಮಾರಿತನ ಎಲ್ಲವೂ ಬದಲಾಗುತ್ತವೆ.

ನನ್ನದೇ ಕಥೆ ಹೇಳುತ್ತೇನೆ. ಅಂಗಡಿಗೆ ಸೇರಿ ಎರಡು ವರ್ಷ ಆಗಿತ್ತು. ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಇಪ್ಪತ್ತು ಅಡಿಯ ಬಟ್ಟೆ ಬ್ಯಾನರ್. ಗುರುಗಳು ನೂಲಿಗೆ ಸೀಮೆಸುಣ್ಣ ತಿಕ್ಕಿ, ಎರಡೂ ಕಡೆ ಎಳೆದು ಹಿಡಿದು, ಮಧ್ಯದಲ್ಲಿ ಒಂದು ಬಾರಿ ಮೀಟಿ ಗೆರೆ ಹಾಕಿ ಕೊಟ್ಟು ಊಟಕ್ಕೆ ಹೋದರು. ದೊಡ್ಡ ಅಕ್ಷರ ಬರೆಯುವ ಭಾಗ್ಯ ಆವತ್ತೇ ಮೊದಲು ಸಿಕ್ಕಿದ್ದು. ಕೆಂಪು ಎನಾಮೆಲ್‌ನಲ್ಲಿ, ತಲೆಕಟ್ಟು ಒಂಚೂರೂ ಅಲುಗದ ಹಾಗೆ, ಬರೆದೆ. ಗುರುಗಳು ವಾಪಸ್ ಬಂದರು. ಬಾಗಿಲಲ್ಲೇ ನಿಂತು ನೋಡಿದರು. ನಾನು "ಬ್ರಮ್ಹಕಲಶೋತ್ಸವ" ಎಂದು ಬರೆದಿದ್ದೆ. ಹಕಾರಕ್ಕೆ ಮಕಾರದ ಒತ್ತು ಬರಬೇಕಾದಲ್ಲಿ ಮಕಾರಕ್ಕೆ ಹಕಾರದ ಒತ್ತು.

ಬಟ್ಟೆಗೆ ಹಿಡಿದ ಎನಾಮೆಲ್ ಹೋಗುವುದಿಲ್ಲ. ಹೊಸ ಬಟ್ಟೆ ತರಲು ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಗುರುಗಳು ಬೈಯಲಿಲ್ಲ, ಅದೇ ಜಾಸ್ತಿ ಹೆದರಿಕೆಯಾಗಿದ್ದು. ತಪ್ಪಿದ ಅಕ್ಷರ ಒಣಗುವ ತನಕ ಕಾದು, ಅದರ ಮೇಲೆ ಹಳದಿ ಬಣ್ಣದಲ್ಲಿ ಒಂದು ದೊಡ್ಡ ವೃತ್ತ ಬಳಿದರು. ಒಂದೇ ವೃತ್ತ ಇದ್ದರೆ ತೇಪೆ ಹಾಕಿದ್ದು ಗೊತ್ತಾಗುತ್ತದಲ್ಲ, ಅದಕ್ಕೆ ಉಳಿದ ಆರು ಅಕ್ಷರಗಳಿಗೂ ಒಂದೊಂದು ವೃತ್ತ. ಅದರ ಮೇಲೆ ಏಳೂ ಅಕ್ಷರಗಳನ್ನು ಮತ್ತೆ ಬರೆದರು. ರಾತ್ರಿ ಎರಡು ಗಂಟೆ ಆಯಿತು. ಮರುವರ್ಷ ಇನ್ನೊಂದು ದೇವಸ್ಥಾನದ ಕಮಿಟಿಯವರು ಬಂದು "ಆ ಗುಂಡು ಗುಂಡು ಡಿಸೈನ್ ಇತ್ತಲ್ಲ, ನಮಗೂ ಅದೇ ಬೇಕು" ಎಂದರು. ಆಮೇಲೆ ಅದು ನಮ್ಮ ಅಂಗಡಿಯ ಗುರುತೇ ಆಯಿತು.

ಈಗ ಅದೇ ತಪ್ಪು ಟ್ಯಾಬ್‌ನಲ್ಲಿ ಆಗಿದ್ದರೆ? ನಾನು ಬಳಸುವ ಪ್ರೊಕ್ರಿಯೇಟ್ ಎಂಬ ಚಿತ್ರ ಬಿಡಿಸುವ ಆ್ಯಪ್‌ನಲ್ಲಿ ಎರಡು ಬೆರಳಲ್ಲಿ ಪರದೆ ತಟ್ಟಿದರೆ ಕೊನೆಯ ಗೆರೆ ಮಾಯ. ಹೀಗೆ 250 ಹೆಜ್ಜೆ ಹಿಂದೆ ಹೋಗಬಹುದು. ಒಂದು ಸೆಕೆಂಡಿನಲ್ಲಿ ಬ್ರಹ್ಮ ಸರಿಯಾಗುತ್ತಿದ್ದ. ಗುಂಡು ಗುಂಡು ಡಿಸೈನ್ ಹುಟ್ಟುತ್ತಲೇ ಇರಲಿಲ್ಲ.

ಹಾಗೆಂದು ಹಳೆಯದೇ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಸ್ವಲ್ಪ ತಾಳಿ.

ಮಂಗಳೂರಿನ ಬಾವುಟಗುಡ್ಡೆಯಲ್ಲಿ ಸಂತ ಅಲೋಶಿಯಸ್ ಚಾಪೆಲ್ ಇದೆ, ನೋಡಿರಬಹುದು. ಆಂಟೋನಿಯೊ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್ 1900ರ ಆಸುಪಾಸಿನಲ್ಲಿ ಅದರ ಒಳಗೆಲ್ಲ ಚಿತ್ರ ಬರೆದರು. ಚಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ ತೈಲವರ್ಣ. ಗೋಡೆಯದ್ದು ಫ್ರೆಸ್ಕೊ. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಅದರ ಮೇಲೆ ಬಣ್ಣ ಹಚ್ಚುವುದು. ಸುಣ್ಣ ಗಾಳಿಯೊಂದಿಗೆ ಸೇರಿ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಬಣ್ಣ ಗೋಡೆಯ ಮೇಲೆ ಇರುವುದಿಲ್ಲ, ಗೋಡೆಯೇ ಆಗಿಬಿಡುತ್ತದೆ. ಅದಕ್ಕೆ ಆ ಕೆಲಸದವರು ಒಂದು ದಿನಕ್ಕೆ ಎಷ್ಟು ಬರೆಯಬಲ್ಲರೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತುತ್ತಾರೆ. ತಪ್ಪಿದರೆ ಕೆರೆದು ತೆಗೆದು ಮತ್ತೆ ಗಾರೆ ಮೆತ್ತಬೇಕು, ಅಂದರೆ ಒಂದು ದಿನದ ಕೂಲಿ ಹೋಯಿತು.

ಅದೇ ಮಂಗಳೂರಿನಲ್ಲಿ 1843ರ ಜುಲೈ 1ರಂದು ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅದು ಅಚ್ಚಿನ ಮೊಳೆ ಜೋಡಿಸಿ ಮಾಡಿದ್ದಲ್ಲ, ಕಲ್ಲಚ್ಚು. ಜಿಡ್ಡಿನ ಮಸಿಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಶಾಯಿ ಉರುಳಿಸಿದರೆ ಜಿಡ್ಡು ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಅಂದರೆ ನಮ್ಮ ಮೊದಲ ಪತ್ರಿಕೆಯಲ್ಲಿ ಇದ್ದದ್ದು ಒಬ್ಬರ ಕೈಬರಹ! ಕಲ್ಲಿನ ಮೇಲೆ ನೇರವಾಗಿ ಬರೆಯುವುದಾದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಜಾಸ್ತಿ ಕೆಟ್ಟರೆ ಕಲ್ಲನ್ನೇ ಉಜ್ಜಿ ಮತ್ತೆ ಶುರು ಮಾಡಬೇಕು. ಆ ಕಾಲದ ಜನರಿಗೆ ಈ ಕಲ್ಲಚ್ಚೂ ಮೆಷಿನ್ ಕೆಲಸವೇ ಆಗಿತ್ತು, ನಿಮ್ಮ ಅಣ್ಣನಿಗೆ ಇದನ್ನು ಮೆಲ್ಲಗೆ ಹೇಳಿ ನೋಡಿ.

ಹೀಗೆ ದಂಡ ಇಳಿಯುತ್ತಾ ಬಂದಿದೆ. ಫ್ರೆಸ್ಕೊದಲ್ಲಿ ಒಂದು ದಿನ, ಬ್ಯಾನರಿನಲ್ಲಿ ಒಂದು ರಾತ್ರಿ, ಕಾಗದದಲ್ಲಿ ಒಂದು ಹಾಳೆ. ಟ್ಯಾಬ್‌ನಲ್ಲಿ ಸೊನ್ನೆ.

ಸೊನ್ನೆ ಆದರೆ ಏನು ಒಳ್ಳೆಯದು? ಇದನ್ನು ಬಡ ಮಕ್ಕಳಿಗೆ ಕಲಿಸಿದವರಿಗೆ ಕೇಳಬೇಕು. ಡ್ರಾಯಿಂಗಿನ ಲೋವರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳಲ್ಲಿ ಒಂದು ವಿಚಿತ್ರ ನೋಡಿದ್ದೇನೆ. ದೊಡ್ಡ ಹಾಳೆ ಕೊಟ್ಟರೂ ಮೂಲೆಯಲ್ಲಿ ಸಣ್ಣದಾಗಿ ಬಿಡಿಸುತ್ತಾರೆ. ಯಾಕೆ? ಮನೆಯಲ್ಲಿ ಹಾಳೆ ಉಳಿಸಿ ಉಳಿಸಿ ಅಭ್ಯಾಸ. ಬಣ್ಣದ ಟ್ಯೂಬನ್ನು ಹಲ್ಲುಜ್ಜುವ ಪೇಸ್ಟಿಗಿಂತ ಜೋಪಾನವಾಗಿ ಹಿಂಡುತ್ತಾರೆ. ತಪ್ಪು ದುಬಾರಿ ಆದಾಗ ಮಕ್ಕಳು ಗೊತ್ತಿರುವುದನ್ನೇ ಮತ್ತೆ ಮತ್ತೆ ಬಿಡಿಸುತ್ತಾರೆ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ. ಅದೇ ಮಕ್ಕಳ ಕೈಗೆ ಹಳೆಯ ಟ್ಯಾಬ್ ಒಂದನ್ನು ಕೊಟ್ಟಾಗ ಮೊದಲ ವಾರದಲ್ಲೇ ನೀಲಿ ಎಮ್ಮೆ ಬಂತು, ಮೇಲಿಂದ ನೋಡಿದ ಮಲ್ಪೆ ಬಂದರು ಬಂತು. ಹೆದರಿಕೆ ಹೋಗಿತ್ತು. ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ, 2009ರಲ್ಲಿ ಫೋನಿನಲ್ಲಿ, ಮರುವರ್ಷ ಐಪ್ಯಾಡ್‌ನಲ್ಲಿ ಚಿತ್ರ ಬಿಡಿಸಲು ಶುರು ಮಾಡಿದರು. ಅಷ್ಟು ವರ್ಷ ಬ್ರಷ್ ಹಿಡಿದವರಿಗೇ ಅದರಲ್ಲಿ ಖುಷಿ ಸಿಕ್ಕಿದೆ ಅಂದಮೇಲೆ ನಿಮ್ಮ ಮಗಳನ್ನು ಬೈದು ಏನು ಪ್ರಯೋಜನ?

ಇನ್ನು ಕೆಟ್ಟದ್ದು. ದಂಡ ಇಲ್ಲದಿದ್ದರೆ ನಿರ್ಧಾರವೂ ಹಗುರಾಗುತ್ತದೆ. ನನಗೇ ಆಗಿದೆ. ಹೋದ ವರ್ಷ ಒಬ್ಬ ಬಂಧುವಿನ ಮನೆಯ ಗೋಡೆಗೆ ಬಣ್ಣದಲ್ಲಿ ಬಳ್ಳಿ ಬರೆಯುತ್ತಿದ್ದೆ. ಒಂದು ಎಲೆ ಓರೆಯಾಯಿತು. ಯೋಚನೆ ಮಾಡದೆ ಗೋಡೆಗೆ ಎರಡು ಬೆರಳು ತಟ್ಟಿದೆ. ಹಿಂದೆ ನಿಂತಿದ್ದ ಅವರ ಮೊಮ್ಮಗ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ನಕ್ಕ ಮೇಲೆ ನನಗೆ ಅನಿಸಿದ್ದು ಬೇರೆ. ಗೆರೆ ಎಳೆಯುವ ಮೊದಲು ಒಂದು ಕ್ಷಣ ಉಸಿರು ಹಿಡಿಯುವುದು ನನ್ನ ಕೈಗೆ ಮರೆತೇ ಹೋಗಿತ್ತು. ಹತ್ತು ವರ್ಷ ಟ್ಯಾಬ್ ಬಳಸಿದ್ದಕ್ಕೆ ನಾನು ತೆತ್ತ ಬೆಲೆ ಅದು.

ಗೆರೆಯ ಮಾತು ಬಂದಾಗ ನಮ್ಮೂರಿನವರಿಗೆ ಕೆ. ಕೆ. ಹೆಬ್ಬಾರರು ನೆನಪಾಗದೆ ಇರುವುದಿಲ್ಲ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಅವರ ರೇಖಾಚಿತ್ರಗಳನ್ನು ಹಾಡುವ ಗೆರೆಗಳು ಎಂದೇ ಜನ ಕರೆಯುತ್ತಾರೆ. ಕುಣಿಯುವ ಒಬ್ಬಳ ಸೊಂಟದಿಂದ ಶುರುವಾದ ಗೆರೆ ಎಲ್ಲೂ ಕಡಿಯದೆ ಸೆರಗಿನ ತುದಿಗೆ ಹೋಗಿ ನಿಲ್ಲುತ್ತದೆ. ನಿಮ್ಮ ಮಗಳ ಟ್ಯಾಬ್‌ನಲ್ಲಿ ಗೆರೆಯನ್ನು ತಾನಾಗಿಯೇ ನಯ ಮಾಡುವ ಒಂದು ಸೌಕರ್ಯ ಇರುತ್ತದೆ. ಕೈ ನಡುಗಿದರೂ ಆ್ಯಪ್ ಅದನ್ನು ತಿದ್ದಿ ಎಣ್ಣೆ ಹಚ್ಚಿದ ಹಾಗೆ ಜಾರಿಸುತ್ತದೆ. ಅದನ್ನು ಪೂರ್ತಿ ಮೇಲಕ್ಕೆ ಇಟ್ಟು ಯಾರು ಗೀಚಿದರೂ ನೋಡಲು ಹೆಬ್ಬಾರರ ಗೆರೆಯ ದೂರದ ನೆಂಟನ ಹಾಗೆ ಕಾಣುತ್ತದೆ. ಆದರೆ ಹತ್ತು ನಿಮಿಷ ನೋಡಿ, ಬೇಸರ ಬರುತ್ತದೆ. ಹೆಬ್ಬಾರರ ಗೆರೆಯಲ್ಲಿ ತಿರುವಿನ ಹತ್ತಿರ ವೇಗ ಕಡಿಮೆಯಾಗುತ್ತದೆ, ಶಾಯಿ ದಪ್ಪವಾಗುತ್ತದೆ, ಆಮೇಲೆ ಬಿಟ್ಟ ಬಾಣದ ಹಾಗೆ ಹೋಗುತ್ತದೆ. ಅಲ್ಲಿ ಒಬ್ಬ ಮನುಷ್ಯ ಯೋಚಿಸಿದ್ದು ಗೊತ್ತಾಗುತ್ತದೆ. ಆ್ಯಪ್ ಮೊದಲು ಅಳಿಸಿ ಹಾಕುವುದು ಆ ಯೋಚನೆಯ ಗುರುತನ್ನೇ. ನನ್ನ ಮಕ್ಕಳಿಗೆ ನಾನು ಹೇಳುವುದು ಇಷ್ಟೇ, ಆ ಸೌಕರ್ಯವನ್ನು ಸೊನ್ನೆಗೆ ಇಡಿ. ಆರು ತಿಂಗಳು ಗೆರೆ ನಡುಗಲಿ.

ಬಣ್ಣದ್ದೂ ಇದೇ ಗೋಳು. ನಮ್ಮ ಅಂಗಡಿಯಲ್ಲಿ ಐದು ಡಬ್ಬ ಇದ್ದವು. ಕೆಂಪು, ಹಳದಿ, ನೀಲಿ, ಕಪ್ಪು, ಬಿಳಿ. ಹಸಿರು ಬೇಕಾದರೆ ಬೆರೆಸಬೇಕು, ಬೆರೆಸಿದ ಹಸಿರು ಮುಗಿದರೆ ಮತ್ತೆ ಅದೇ ಹಸಿರು ಬರುವುದಿಲ್ಲ. ಟ್ಯಾಬ್‌ನ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ತಲಾ 256 ಮೆಟ್ಟಿಲು. ಗುಣಿಸಿದರೆ ಒಂದು ಕೋಟಿ 67 ಲಕ್ಷ ಬಣ್ಣ. ಮಕ್ಕಳು ಅದರಲ್ಲಿ ಈಜಾಡಿ ಕೊನೆಗೆ ಎಲ್ಲರೂ ಅದೇ ನೇರಳೆ ಕಿತ್ತಳೆ ಸಂಜೆಗೆ ಬಂದು ನಿಲ್ಲುತ್ತಾರೆ. ಇನ್ನೊಂದು, ಪರದೆಯ ಬಣ್ಣ ಬೆಳಕಿನದ್ದು, ಅಚ್ಚಿನ ಬಣ್ಣ ಶಾಯಿಯದ್ದು. ಒಮ್ಮೆ ಒಂದು ಯಕ್ಷಗಾನದ ಪೋಸ್ಟರಿಗೆ ಪರದೆ ಮೇಲೆ ಹೊಳೆಯುವ ಗಿಳಿ ಹಸಿರು ಹಾಕಿ ಕೊಟ್ಟಿದ್ದೆ. ಅಚ್ಚಾಗಿ ಬಂದಾಗ ಅದು ಮೂರು ದಿನದ ಹರಿವೆ ಸೊಪ್ಪಿನ ಹಾಗಿತ್ತು. ಅಚ್ಚಿನವರಿಗೆ ಬೈದೆ. ತಪ್ಪು ನನ್ನದೇ, ಶಾಯಿಯಲ್ಲಿ ಆ ಹಸಿರು ಬರುವುದೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ನಿಮ್ಮ ಮಗಳು ಚಿತ್ರವನ್ನು ಅಚ್ಚು ಹಾಕಿಸುವುದಿದ್ದರೆ ಮೊದಲೇ ಅಚ್ಚಿನ ಬಣ್ಣಕ್ಕೆ ಬದಲಾಯಿಸಿ ನೋಡಲಿ. ಎ4 ಅಳತೆಗೆ 2480 ಗುಣಿಸು 3508 ಪಿಕ್ಸೆಲ್‌ಗಿಂತ ಕಡಿಮೆ ಇಡುವುದು ಬೇಡ.

ಇಷ್ಟು ಹೊತ್ತು ಮಾಡುವವರ ಮಾತಾಯಿತು. ನೋಡುವವರು ಎಷ್ಟು ಬದಲಾಗಿದ್ದೇವೆ ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ದೊಡ್ಡ ಬದಲಾವಣೆ ಆಗಿರುವುದು ಅಲ್ಲೇ.

ಫೋನಿನಲ್ಲಿ ಎಲ್ಲ ಚಿತ್ರಗಳೂ ಒಂದೇ ಗಾತ್ರ. ಮೊನಾಲಿಸಾ ನಿಜವಾಗಿ 77 ಸೆಂಟಿಮೀಟರ್ ಎತ್ತರ, ನಮ್ಮ ಮನೆಯ ಕಿಟಕಿಯ ಒಂದು ಬಾಗಿಲಿನಷ್ಟು. ಪಿಕಾಸೊನ ಗುವೆರ್ನಿಕಾ ಏಳೂಮುಕ್ಕಾಲು ಮೀಟರ್ ಅಗಲ, ಒಂದು ಬಸ್ಸಿನ ಬದಿಯಷ್ಟು. ಫೋನಿನಲ್ಲಿ ಎರಡೂ ಅಂಗೈಯಗಲ. ಒಂದು ಚಿತ್ರ ನಮ್ಮನ್ನು ಮುಳುಗಿಸಬೇಕೋ ನಾವು ಅದಕ್ಕೆ ಬಗ್ಗಿ ನೋಡಬೇಕೋ ಎಂಬುದು ಗಾತ್ರದಿಂದ ತೀರ್ಮಾನವಾಗುತ್ತದೆ. ಅದು ಈಗ ನಮಗೆ ಗೊತ್ತೇ ಆಗುವುದಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2011ರಲ್ಲಿ ಗೂಗಲ್ ಶುರು ಮಾಡಿದ ಆರ್ಟ್ ಪ್ರಾಜೆಕ್ಟ್‌ನಲ್ಲಿ ವ್ಯಾನ್ ಗೋನ ನಕ್ಷತ್ರದ ರಾತ್ರಿಯನ್ನು ಎಷ್ಟು ಹಿಗ್ಗಿಸಿ ನೋಡಬಹುದು ಅಂದರೆ ಬಣ್ಣ ಗಟ್ಟಿಯಾಗಿ ಬಿರುಕು ಬಿಟ್ಟದ್ದೂ ಕಾಣುತ್ತದೆ. ಮ್ಯೂಸಿಯಮ್ಮಿನಲ್ಲಿ ಅಷ್ಟು ಹತ್ತಿರ ಹೋದರೆ ಕಾವಲಿನವರು ಹಿಂದೆ ಎಳೆಯುತ್ತಾರೆ. ಆ ಚಿತ್ರ ಇರುವ ಅಮೆರಿಕಕ್ಕೆ ಹೋಗಲಾಗದ ನನ್ನಂಥವರಿಗೆ ಇದು ಸಣ್ಣ ಸಂಗತಿ ಅಲ್ಲ.

ಯಕ್ಷಗಾನದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮುಖದ ಬಣ್ಣ, ವೇಷದ ಕೆಂಪು ಕಪ್ಪು, ಭುಜಕೀರ್ತಿಯ ಮಿಂಚು ಎಲ್ಲವೂ ದೊಂದಿಯ ಬೆಳಕಿಗೆ ಹೊಂದಿಕೊಂಡು ಬೆಳೆದವು. ಅಲುಗಾಡುವ ಹಳದಿ ಬೆಳಕಿನಲ್ಲಿ ದೂರದಿಂದ ನೋಡಿದರೆ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲಿನ ಬಿಳಿ ಉಬ್ಬು ಚುಟ್ಟಿ ಉಸಿರಾಡಿದ ಹಾಗೆ ಕಾಣುತ್ತದೆ. ಆಮೇಲೆ ಗ್ಯಾಸ್‌ಲೈಟ್ ಬಂತು, ಕರೆಂಟ್ ಬಂತು, ಬಣ್ಣ ಹಚ್ಚುವ ರೀತಿಯೂ ಅದಕ್ಕೆ ತಕ್ಕ ಹಾಗೆ ಸರಿಯಿತು. ಈಗ ಮೊಬೈಲ್ ಕ್ಯಾಮೆರಾ ಇದೆ. ಅದಕ್ಕೆ ಕೆಂಪು ಜಾಸ್ತಿಯಾದರೆ ಮುಖದ ಮೇಲೆ ಒಂದು ಮುದ್ದೆ ಅಷ್ಟೇ. ಕೆಲವು ಕಲಾವಿದರು ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಬಣ್ಣ ಮುಗಿಸಿ ಕನ್ನಡಿಯನ್ನು ಬಿಟ್ಟು ಫೋನಿನಲ್ಲಿ ಮುಖ ನೋಡಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಸರಿಯೇ, ನೋಡುವವರಲ್ಲಿ ಅರ್ಧ ಜನ ಫೋನಿನಲ್ಲೇ ನೋಡುವುದಾದರೆ ಮತ್ತೇನು ಮಾಡಬೇಕು?

ಆದರೆ ಇಡೀ ರಾತ್ರಿಯ ಆಟದಿಂದ ಮೂರು ನಿಮಿಷದ ಕುಣಿತ ಕತ್ತರಿಸಿ ಹಾಕಿದಾಗ ಒಂದು ಕಳೆದುಹೋಗುತ್ತದೆ. ಆ ಪ್ರವೇಶಕ್ಕೆ ಮೊದಲು ಒಂದು ಗಂಟೆ ಹಾಡುವ ಭಾಗವತರು ಹದವಾಗಿ ಏರಿಸಿಕೊಂಡು ಬಂದದ್ದು ಅದರಲ್ಲಿ ಇಲ್ಲ. ನಿದ್ದೆ ತೂಗಿ ತಲೆ ಎತ್ತಿದಾಗ ಎದುರಿಗೆ ನಿಂತ ವೇಷ ಅದರಲ್ಲಿ ಇಲ್ಲ. ಅದೇ ಮೂರು ನಿಮಿಷ ನೋಡಿ ಬೆಂಗಳೂರಿನ ಹುಡುಗನೊಬ್ಬ ರಾತ್ರಿ ಬಸ್ಸು ಹತ್ತಿ ಆಟ ನೋಡಲು ಬಂದದ್ದೂ ನನಗೆ ಗೊತ್ತು. ಎರಡೂ ನಿಜ.

ಒಂದು ಅಡ್ಡಮಾತು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಬಣ್ಣದ ಕಲ್ಲಚ್ಚಿನ ಪ್ರೆಸ್ ಹಾಕಿದರು. ದೇವರ ಚಿತ್ರಗಳು ಅಗ್ಗವಾಗಿ ಮನೆ ಮನೆ ಸೇರಿದವು. ಇವತ್ತು ನಿಮ್ಮ ದೇವರ ಕೋಣೆಯ ಲಕ್ಷ್ಮಿ ತಾವರೆ ಮೇಲೆ ನಿಂತಿರುವ ಭಂಗಿ, ಹಿಂದಿನ ಆನೆ, ಸೀರೆಯ ನೆರಿಗೆ ನೋಡಿ. ಅದರಲ್ಲಿ ಎಷ್ಟೋ ಭಾಗ ಆ ಪ್ರೆಸ್ಸಿನಿಂದ ಬಂದದ್ದು. ಅದನ್ನು ಯಾರೂ ಮೆಷಿನ್ ಲಕ್ಷ್ಮಿ ಎನ್ನುವುದಿಲ್ಲ, ದಿನಾ ಹೂ ಇಡುತ್ತಾರೆ.

ಈಗ ಎಐ ವಿಷಯ. ನಿಮ್ಮ ಮಗಳ ಊಟ ಬಿಡಿಸಿದ್ದು ಅದೇ ಅಲ್ವಾ.

ಆ ಯಂತ್ರ ಹೇಗೆ ಚಿತ್ರ ಮಾಡುತ್ತದೆ ಎಂದು ಸುಮ್ನೆ ಒಂದು ಅಂದಾಜು ಕೊಡುತ್ತೇನೆ. ಕೋಟಿಗಟ್ಟಲೆ ಚಿತ್ರಗಳನ್ನು ಅವುಗಳ ಜೊತೆಗಿನ ಬರಹದ ಸಮೇತ ಅದಕ್ಕೆ ತೋರಿಸುತ್ತಾರೆ. ಲಯಾನ್-5ಬಿ ಎಂಬ ಒಂದು ಸಂಗ್ರಹದಲ್ಲೇ 585 ಕೋಟಿ ಜೋಡಿಗಳಿವೆ, 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಮಾಡುವ ಎಐ ಅದರ ಭಾಗಗಳಿಂದಲೇ ಕಲಿತದ್ದು. ಪ್ರತಿ ಚಿತ್ರದ ಮೇಲೂ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಎರಚುತ್ತಾ ಹೋಗಿ ಪೂರ್ತಿ ಕೆಡಿಸುತ್ತಾರೆ. ಯಂತ್ರ ಆ ಚುಕ್ಕಿಯನ್ನು ತೆಗೆಯುವುದನ್ನು ಕಲಿಯುತ್ತದೆ. ಕೊನೆಗೆ ಬರೀ ಚುಕ್ಕಿ ಕೊಟ್ಟು "ಇದರಲ್ಲಿ ಒಂದು ಹುಲಿ ಇದೆ, ಹುಡುಕು" ಎಂದರೆ ಹುಲಿಯನ್ನು ಹೊರಗೆ ತೆಗೆಯುತ್ತದೆ. ಇದ್ದದ್ದನ್ನು ಕತ್ತರಿಸಿ ಅಂಟಿಸುವುದಿಲ್ಲ. ಆದರೆ ಅದು ನೋಡಿದ್ದರಲ್ಲಿ ಯಾವುದು ಜಾಸ್ತಿ ಇತ್ತೋ ಅದರ ಕಡೆಗೇ ವಾಲುತ್ತದೆ.

ಪರೀಕ್ಷೆ ಮಾಡೋಣ ಎಂದು ನಾನು ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ವೇಷ ಕೇಳಿದೆ. ಬಂದದ್ದು ಕಥಕ್ಕಳಿಯ ಹಸಿರು ಮುಖ, ದಕ್ಷಿಣದ ತೆಂಕುತಿಟ್ಟಿನದ್ದೋ ಮತ್ತೆಲ್ಲಿಯದ್ದೋ ಗೊತ್ತಾಗದ ಕಿರೀಟ. ಕೇದಗೆ ಮುಂದಲೆ ಎಂಬ ಬಡಗಿನ ತಲೆಯುಡುಗೆ ಇಲ್ಲವೇ ಇಲ್ಲ. ಚೆಂಡೆಯ ಜಾಗದಲ್ಲಿ ತಬಲಾದ ಹಾಗೆ ಏನೋ ಒಂದು. ಕಥಕ್ಕಳಿಯ ಫೋಟೊಗಳು ಇಂಟರ್‌ನೆಟ್ಟಿನಲ್ಲಿ ಹೇರಳ, ನಮ್ಮದು ಕಡಿಮೆ, ಇದ್ದರೂ ಸರಿಯಾದ ಹೆಸರು ಬರೆದಿಲ್ಲ. ಅಷ್ಟೇ ಕಾರಣ. ಅದಕ್ಕೆ ದೊಡ್ಡ ದ್ವೇಷ ಏನೂ ಇಲ್ಲ. ಆದರೆ ಮುಂದೆ ಇಂಥ ಚಿತ್ರಗಳೇ ಪೋಸ್ಟರಿನಲ್ಲಿ ತುಂಬಿದರೆ ಮಕ್ಕಳು ಅದನ್ನೇ ಯಕ್ಷಗಾನ ಎಂದು ನಂಬುತ್ತಾರೆ. ನನಗೆ ನಿಜವಾಗಿ ಚಿಂತೆ ಇರುವುದು ಇದರ ಬಗ್ಗೆ.

ಇನ್ನು ಕಣ್ಣಲ್ಲಿ ನೋಡಿ ಇದು ಎಐ, ಇದು ಕೈಯ ಕೆಲಸ ಎಂದು ಹೇಳುವ ತೀರ್ಪುಗಾರರು. ಚಿತ್ರದ ಕೈಯಲ್ಲಿ ಆರು ಬೆರಳು ಎಣಿಸಿ ಎಐ ಎಂದು ಪತ್ತೆ ಮಾಡುವ ಕಾಲ ಮುಗಿಯಿತು. 2022ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಜಾತ್ರೆಯ ಸ್ಪರ್ಧೆಯಲ್ಲಿ ಎಐ ಮಾಡಿದ ಚಿತ್ರಕ್ಕೆ ಡಿಜಿಟಲ್ ವಿಭಾಗದ ಮೊದಲ ಬಹುಮಾನ ಬಂತು. 2024ರಲ್ಲಿ ಇದರ ತದ್ವಿರುದ್ಧ, ಒಬ್ಬ ಫೋಟೊಗ್ರಾಫರ್ ತಾನೇ ತೆಗೆದ ಫ್ಲೆಮಿಂಗೊ ಹಕ್ಕಿಯ ಅಸಲಿ ಫೋಟೊವನ್ನು ಎಐ ವಿಭಾಗಕ್ಕೆ ಕಳಿಸಿ ಬಹುಮಾನ ಗೆದ್ದು, ನಿಜ ಹೇಳಿ ಅನರ್ಹನಾದ. ತಿಳಿದವರೇ ಎರಡೂ ಕಡೆ ಎಡವಿದ್ದಾರೆ. ಹಾಗಿರುವಾಗ ಒಂದು ಮಾತೂ ಕೇಳದೆ ಒಬ್ಬ ಹುಡುಗಿಯ ಚಿತ್ರವನ್ನು ಪಕ್ಕಕ್ಕೆ ಇಡುವುದು ತಪ್ಪು. ಕರೆದು ಕೇಳಬೇಕಿತ್ತು.

ನೀವು ಕಳಿಸಿದ ಚಿತ್ರವನ್ನು ನಾನು ದೊಡ್ಡದು ಮಾಡಿ ನೋಡಿದೆ. ಹುಲಿ ವೇಷದವನ ಮೊಣಕಾಲಿನ ಹಿಂಭಾಗದಲ್ಲಿ ಬಣ್ಣ ಸಣ್ಣಗೆ ಬಿರುಕು ಬಿಟ್ಟಿದೆ, ಒಳಗಿನ ಚರ್ಮ ಕಾಣುತ್ತದೆ. ಬೇರೆ ಎಲ್ಲ ಕಡೆ ಬಣ್ಣ ಗಟ್ಟಿ. ಕುಣಿದು ಕುಣಿದು ಕಾಲು ಮಡಚಿದಲ್ಲಿ ಮಾತ್ರ ಹಾಗಾಗುತ್ತದೆ. ಅಷ್ಟಮಿಯಲ್ಲೋ ದಸರಾದಲ್ಲೋ ಹುಲಿಗಳ ಹಿಂದೆ ಹಿಂದೆ ನಡೆದವರಿಗೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ, ಎದುರು ನಿಂತು ರೀಲ್ಸ್ ಮಾಡುವವರಿಗೆ ಬೀಳುವುದಿಲ್ಲ. ಯಂತ್ರಕ್ಕೂ ಬಿರುಕು ಹಾಕಲು ಬರುತ್ತದೆ, ಬರುವುದಿಲ್ಲ ಎಂದಲ್ಲ. ಆದರೆ ಅಲ್ಲೇ ಯಾಕೆ ಹಾಕಿದೆ ಎಂದು ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ. ನಿಮ್ಮ ಮಗಳ ಹತ್ತಿರ ಇರುತ್ತದೆ. ಕೇಳಿ ನೋಡಿ.

ಮುಂದಿನ ಸಲಕ್ಕೆ ಒಂದು ಉಪಾಯ. ಅವಳ ಆ್ಯಪ್‌ನಲ್ಲಿ ಚಿತ್ರ ಬಿಡಿಸಿದ್ದು ಮೊದಲ ಗೆರೆಯಿಂದ ಕೊನೆಯವರೆಗೆ ವಿಡಿಯೊ ಆಗಿ ಉಳಿಯುವ ಸೌಲಭ್ಯ ಇದ್ದರೆ ಅದನ್ನು ಆನ್ ಮಾಡಿ ಇಡಲಿ. ಪದರ ಪದರವಾಗಿ ಇರುವ ಮೂಲ ಫೈಲನ್ನು ಅಳಿಸುವುದು ಬೇಡ. ಮೊದಲ ಕಚ್ಚಾ ಗೀಚನ್ನೂ ಇಟ್ಟುಕೊಳ್ಳಲಿ. ಮೊಸ್ಕೇನಿ ಒಂದು ದಿನದಲ್ಲಿ ಎಷ್ಟು ಬರೆದರು, ಎಲ್ಲಿ ಕೆರೆದು ತೆಗೆದರು ಎಂದು ನಮಗೆ ಯಾರೂ ತೋರಿಸುವುದಿಲ್ಲ. ನಿಮ್ಮ ಮಗಳದ್ದು ತೋರಿಸಬಹುದು. ಚಿತ್ರ ಪಕ್ಕಕ್ಕೆ ಇಟ್ಟ ಆ ಸ್ಪರ್ಧೆಯವರಿಗೂ ಆ ಫೈಲ್ ಜೊತೆಗೆ ಒಂದು ಪತ್ರ ಬರೆಯಿರಿ. ಬಹುಮಾನ ಸಿಗಲಿಕ್ಕಿಲ್ಲ, ಆದರೆ ಮುಂದಿನ ವರ್ಷದ ನಿಯಮ ಬದಲಾಗಬಹುದು.

ಕಾನೂನು ಕೇಳಿಲ್ಲ ನೀವು, ಆದರೂ ಎರಡು ಸಾಲು. ಅವಳು ಬಿಡಿಸಿದ ಚಿತ್ರದ ಹಕ್ಕು ಅವಳದ್ದೇ. ನಮ್ಮ ದೇಶದಲ್ಲಿ ಅದು ಕಲಾವಿದರ ಜೀವಮಾನ ಮತ್ತು ಆಮೇಲೆ 60 ವರ್ಷ. 1906ರಲ್ಲಿ ತೀರಿಕೊಂಡ ರವಿವರ್ಮರ ಚಿತ್ರ ಯಾರು ಬೇಕಾದರೂ ಬಳಸಬಹುದು, 1996ರಲ್ಲಿ ತೀರಿಕೊಂಡ ಹೆಬ್ಬಾರರದ್ದು ಹಾಗಲ್ಲ. ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣರಾದವರೇ ಕರ್ತೃ ಎಂದು 1957ರ ಕಾಯ್ದೆಗೆ ಆಮೇಲೆ ಸೇರಿಸಿದ್ದಾರೆ. ಆ ಸಾಲು ಬರೆದಾಗ ಈಗಿನ ಎಐ ಯಾರ ಕನಸಿನಲ್ಲೂ ಇರಲಿಲ್ಲ. ಕೊಲೊರಾಡೊದಲ್ಲಿ ಗೆದ್ದವರು 624 ಸಲ ಬದಲಾಯಿಸಿ ಬದಲಾಯಿಸಿ ಆ ಚಿತ್ರ ತಂದೆ ಎಂದು ವಾದಿಸಿದರೂ ಅಮೆರಿಕದ ಕಾಪಿರೈಟ್ ಕಚೇರಿ ಹಕ್ಕು ಕೊಡಲಿಲ್ಲ.

ಬ್ರಷ್ ಹಿಡಿಸಬೇಕಾ ಎಂದು ಕೇಳಿದ್ದೀರಿ. ಒತ್ತಾಯ ಬೇಡ. ಒತ್ತಾಯಕ್ಕೆ ಹಿಡಿದ ಬ್ರಷ್ ಮೂರನೇ ದಿನ ನೀರಿನ ಲೋಟದಲ್ಲೇ ಒಣಗುತ್ತದೆ. ವಾರಕ್ಕೆ ಒಂದು ದಿನ ಟ್ಯಾಬ್‌ನಲ್ಲೇ, ಒಂದೇ ಪದರದಲ್ಲಿ, ಐದೇ ಬಣ್ಣದಲ್ಲಿ, ಅಳಿಸದೆ ಒಂದು ಚಿತ್ರ ಬಿಡಿಸಲಿ. ತಪ್ಪಾದರೆ ಅದನ್ನು ಏನು ಮಾಡುವುದು ಎಂದು ಯೋಚಿಸಲಿ. ಮತ್ತೆ ಒಂದು ದಿನ ನೀವಿಬ್ಬರೂ ಮಂಗಳೂರಿಗೆ ಹೋಗಿ ಆ ಚಾಪೆಲ್‌ನಲ್ಲಿ ಅರ್ಧ ಗಂಟೆ ಕೂತು ಬನ್ನಿ. ಫೋನ್ ಬ್ಯಾಗಿನಲ್ಲಿರಲಿ. ಕುತ್ತಿಗೆ ನೋಯುತ್ತದೆ, ನೋಯಲಿ.

ಇನ್ನು ನಿಮ್ಮ ಅಣ್ಣ. ಅವರ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಫ್ಲೆಕ್ಸ್ ಬಂದಾಗ ಚದರ ಅಡಿಯ ಲೆಕ್ಕದಲ್ಲಿ, ಒಂದು ಗಂಟೆಯಲ್ಲಿ, ಫೋಟೊ ಸಮೇತ ಬ್ಯಾನರ್ ಸಿಗತೊಡಗಿತು. ನಮಗೆ ಒಂದಕ್ಕೆ ಎರಡು ದಿನ ಬೇಕಿತ್ತು. ಗುರುಗಳು ಅಂಗಡಿ ಮುಚ್ಚಿದ ದಿನ ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಪೇಪರಿನಲ್ಲಿ ಸುತ್ತಿ ಇಟ್ಟರು, ನಾಳೆ ಕೆಲಸ ಇದೆಯೇನೋ ಎಂಬ ಹಾಗೆ. ನಿಮ್ಮ ಅಣ್ಣ "ಮೆಷಿನ್" ಎಂದು ಬೈಯುವಾಗ ಅವರ ಕಣ್ಣೆದುರು ಇರುವುದು ತಂಗಿಯ ಮಗಳ ಟ್ಯಾಬ್ ಅಲ್ಲ, ಆ ಫ್ಲೆಕ್ಸ್ ಯಂತ್ರ.

ಆ ಕಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬ್ಯಾನರ್ ನೋಡಿದರೆ ತಲೆಕಟ್ಟಿನಲ್ಲೇ ಇದು ಯಾರ ಕೈ ಎಂದು ಹೇಳುತ್ತಿದ್ದೆವು. ಒಬ್ಬರು ಕಕಾರದ ಹೊಟ್ಟೆಯನ್ನು ಮಡಕೆಯ ಹಾಗೆ ಉಬ್ಬಿಸುತ್ತಿದ್ದರು. ಇನ್ನೊಬ್ಬರು ಒತ್ತಕ್ಷರವನ್ನು ಬಲಕ್ಕೆ ಎಳೆದು ಬಾಲ ಬಿಡುತ್ತಿದ್ದರು. ಈಗ ಇಡೀ ಊರಿಗೆ ನಾಲ್ಕೈದು ಫಾಂಟ್. ಕನ್ನಡವನ್ನು ಕಂಪ್ಯೂಟರಿನಲ್ಲಿ ಸುಲಭವಾಗಿ ಒತ್ತುವ ಕೀಲಿಮಣೆ ವಿನ್ಯಾಸ ಕೊಟ್ಟ ಕೆ. ಪಿ. ರಾಯರು ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಒತ್ತುವುದಕ್ಕೆ ದಾರಿ ನಮ್ಮವರೇ ಮಾಡಿದ್ದಾರೆ, ಆದರೆ ನಮ್ಮ ಬ್ಯಾನರಿನವರ ಅಕ್ಷರ ಯಾವುದೂ ಅದರೊಳಗೆ ಹೋಗಲಿಲ್ಲ.

ಅದಕ್ಕೆ ಮಗಳಿಗೆ ಒಂದು ಕೆಲಸ ಹೇಳುತ್ತೇನೆ. ಮಾವನ ಎದುರು ಕೂತು ಅವರ ಅಕ್ಷರ ಬರೆಸಿಕೊಳ್ಳಲಿ. ಬಿಳಿ ಡ್ರಾಯಿಂಗ್ ಹಾಳೆ, ಕಪ್ಪು ಬಣ್ಣ, ಅವರದೇ ಚಪ್ಪಟೆ ಬ್ರಷ್. ಒಂದು ಅಕ್ಷರ ಕನಿಷ್ಠ ಮೂರು ಇಂಚು ಎತ್ತರ ಇರಲಿ, ತಲೆಕಟ್ಟಿಗೂ ಕೆಳಗಿನ ಅಂಚಿಗೂ ಪೆನ್ಸಿಲ್ ಗೆರೆ ಮೊದಲೇ ಹಾಕಿಕೊಳ್ಳಲಿ. ವರ್ಣಮಾಲೆ ಮೊದಲು, ಆಮೇಲೆ ಕಾಗುಣಿತದ ಚಿಹ್ನೆಗಳು, ಅಂಕಿಗಳು. ಒತ್ತಕ್ಷರಗಳನ್ನು ಬೇರೆ ಹಾಳೆಯಲ್ಲಿ ಬರೆಸಲಿ, ಅವು ಫಾಂಟಿನಲ್ಲಿ ಪ್ರತ್ಯೇಕ ಆಕೃತಿಗಳಾಗಿ ಕೂರಬೇಕು. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಟ್ಯಾಬ್‌ನಲ್ಲಿ ಅಂಚು ತಿದ್ದಿ, ಒಂದೊಂದಾಗಿ ಫಾಂಟ್ ಮಾಡುವ ಸಾಫ್ಟ್‌ವೇರಿಗೆ ಹಾಕಬಹುದು. ಕೆಲವು ನೂರು ಆಕೃತಿಗಳಾಗುತ್ತವೆ, ಒಂದು ಮಳೆಗಾಲ ಪೂರ್ತಿ ಬೇಕಾದೀತು. ಅಂಚು ತಿದ್ದುವಾಗ ಜಾಸ್ತಿ ನಯ ಮಾಡುವುದು ಬೇಡ, ಬ್ರಷ್ ಎತ್ತಿದ ಕಡೆ ಇರುವ ಸಣ್ಣ ಓರೆ ಹಾಗೇ ಇರಲಿ. ಹಕಾರಕ್ಕೆ ಮಕಾರದ ಒತ್ತು ಕೂರಿಸಿದ ಮೇಲೆ ಮಾವನಿಗೆ ಒಮ್ಮೆ ತೋರಿಸಲಿ.